ಸಹಿ ಹಾಕೋ ಮುಂಚೆ ವರ್ಷ ಎಣಿಸಿ, ಅಕ್ಕಾ!

ಮೊನ್ನೆ ಭಾನುವಾರ ಬೆಳಿಗ್ಗೆ. ಇಡ್ಲಿ ಪಾತ್ರೆ ಒಲೆ ಮೇಲಿಟ್ಟು ಚಟ್ನಿಗೆ ಕಾಯಿ ತುರೀತಾ ಕೂತಿದ್ದೆ. ‘ಅಮ್ಮಾ, ಮನೇಲಿದ್ದೀಯಾ?’ ಅಂತ ಬಾಗಿಲಲ್ಲಿ ದನಿ. ನೋಡಿದರೆ ಹಿಂದಿನ ಬೀದಿಯ ಅಕ್ಕ. ಗಾರ್ಮೆಂಟ್ಸ್‌ನಲ್ಲಿ ಟೈಲರ್. ವಾರದಲ್ಲಿ ಒಂದೇ ದಿನ ರಜಾ, ಆ ದಿನ ಬಟ್ಟೆ ಒಗೆಯೋದು, ರೇಷನ್ ತರೋದು ಅಂತ ಅವರಿಗೆ ಕೂರೋಕೂ ಪುರುಸೊತ್ತಿಲ್ಲ. ಅಂಥವರು ಬೆಳಿಗ್ಗೆಯೇ ಬಂದಿದ್ದಾರೆ ಅಂದರೆ ಏನೋ ಇದೆ ಅನ್ನಿಸಿತು.

ಸೆರಗಿನೊಳಗಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದರು. ‘ನಾಳೆ ಸಹಿ ಹಾಕಿ ಕೊಡಬೇಕಂತೆ. ಕೊಟ್ಟರೆ ಪಿಎಫ್ ಬೇಗ ಬಿಡಿಸಿ ಕೊಡ್ತಾರಂತೆ. ಏನು ಬರೆದಿದೆ ಅಂತ ಒಂಚೂರು ಓದಿ ಹೇಳಮ್ಮ’ ಅಂದರು.

ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ‘ನನ್ನ ವೈಯಕ್ತಿಕ ಕಾರಣಗಳಿಗಾಗಿ, ಸ್ವಇಚ್ಛೆಯಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಕಂಪನಿಯಿಂದ ನನಗೆ ಬೇರೇನೂ ಬರಬೇಕಾಗಿಲ್ಲ’ ಅನ್ನೋದು ಅದರ ತಾತ್ಪರ್ಯ. ಕೆಳಗೆ ಹೆಸರು, ಸಹಿಗೆ ಜಾಗ.

‘ಅಕ್ಕಾ, ನೀವು ಕೆಲಸ ಬಿಡ್ತಿದ್ದೀರಾ?’ ಅಂದೆ.

‘ನಾನೆಲ್ಲಿ ಬಿಡ್ತೀನಿ? ಆರ್ಡರ್ ಕಡಿಮೆಯಾಗಿದೆ, ವಯಸ್ಸಾದೋರು ಟಾರ್ಗೆಟ್ ಮುಟ್ಟಲ್ಲ ಅಂತ ಅವರೇ ಹೇಳ್ತಿದಾರೆ.’

ಅಕ್ಕನ ವಯಸ್ಸು 46!

ಓದುಗ ಗೆಳತಿಯರೇ, ‘ಇದು ಗಾರ್ಮೆಂಟ್ಸ್ ಹೆಂಗಸರ ಕತೆ, ನನಗ್ಯಾಕೆ’ ಅಂತ ಪುಟ ತಿರುಗಿಸಬೇಡಿ. ಖಾಸಗಿ ಶಾಲೆಯ ಟೀಚರ್, ನರ್ಸಿಂಗ್ ಹೋಮಿನ ಆಯಾ, ಬಟ್ಟೆ ಅಂಗಡಿಯ ಸೇಲ್ಸ್‌ಗರ್ಲ್ (ಐವತ್ತಾದರೂ ಅವರು ‘ಗರ್ಲ್’!), ಸಣ್ಣ ಆಫೀಸಿನ ಅಕೌಂಟ್ಸ್ ನೋಡುವಾಕೆ, ಎಲ್ಲರ ಮುಂದೆಯೂ ಒಂದಲ್ಲ ಒಂದು ದಿನ ಇಂಥ ಕಾಗದ ಬರಬಹುದು. ನೀವು ದುಡಿಯದೇ ಇದ್ದರೂ ನಿಮ್ಮ ತಂಗಿ, ನಾದಿನಿ, ಮನೆಗೆಲಸಕ್ಕೆ ಬರುವಾಕೆಯ ಮಗಳು ದುಡಿಯುತ್ತಿರುತ್ತಾರೆ. ಆಗ ಓದಿ ಹೇಳೋರು ಯಾರಾದರೂ ಬೇಕಲ್ವಾ?

ಹೆಣ್ಣಿಗೆ ಬೇಗ ವಯಸ್ಸಾಗುತ್ತದೆಯೇ?

ಕಾಗದದ ಮೇಲೆ ನಿವೃತ್ತಿ ವಯಸ್ಸು ಮುಂದಕ್ಕೇ ಹೋಗುತ್ತಿದೆ. ಕೇಂದ್ರ ಸರ್ಕಾರ 1998ರಲ್ಲಿ, ನಮ್ಮ ರಾಜ್ಯ ಸರ್ಕಾರ 2008ರಲ್ಲಿ ತಮ್ಮ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದವು. 2017ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಕಾರ್ಖಾನೆಗಳ ಮಾದರಿ ನಿಯಮಗಳಲ್ಲೂ 60 ಅಂತಲೇ ತಿದ್ದುಪಡಿ ತಂದಿತು. ಜನರ ಆಯಸ್ಸು ಹೆಚ್ಚಾಗಿದೆ, ಇನ್ನೆರಡು ವರ್ಷ ದುಡಿಯಲಿ ಅನ್ನೋದು ಅದರ ಹಿಂದಿನ ವಿಚಾರ. ಒಳ್ಳೆಯದೇ.

ಆದರೆ ಬಾಗಿಲಲ್ಲಿ ಹಾಕುವ ಬೋರ್ಡ್ ನೋಡಿ: ‘ಕೆಲಸಕ್ಕೆ ಬೇಕಾಗಿದ್ದಾರೆ, 18ರಿಂದ 35 ವರ್ಷದ ಮಹಿಳೆಯರು’. ಒಳಗೆ ಇರುವವರಿಗೆ 60, ಒಳಗೆ ಬರುವವರಿಗೆ 35. ನಡುವಿನ ಇಪ್ಪತ್ತೈದು ವರ್ಷ ಎಲ್ಲಿ ಹೋಯಿತು? 46ರಲ್ಲಿ ಒಮ್ಮೆ ಹೊರಗೆ ಬಂದವಳಿಗೆ ಇನ್ನೊಂದು ಬಾಗಿಲು ತೆಗೆಯೋದೇ ಕಷ್ಟ. ಗಂಡಸಿಗೂ ಈ ತೊಂದರೆ ಇದೆ, ಇಲ್ಲ ಅನ್ನಲ್ಲ. ಆದರೆ ಹೆಂಗಸು ಹೆರಿಗೆ, ಮಕ್ಕಳು, ಅತ್ತೆಯ ಕಾಯಿಲೆ ಅಂತ ನಡುನಡುವೆ ಕೆಲಸ ಬಿಟ್ಟಿರುತ್ತಾಳೆ. ಅವಳು ಮತ್ತೆ ಕೆಲಸ ಹುಡುಕಿಕೊಂಡು ಹೋಗುವ ಹೊತ್ತಿಗೆ ಬೋರ್ಡಿನ ವಯಸ್ಸು ದಾಟಿರುತ್ತದೆ.

ಇದು ಇವತ್ತಿನ ಕತೆಯೂ ಅಲ್ಲ. ಏರ್ ಇಂಡಿಯಾದ ಗಗನಸಖಿಯರು 35 ವರ್ಷಕ್ಕೆ ನಿವೃತ್ತರಾಗಬೇಕು, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಹೋಗಬೇಕು, ಮೊದಲ ಬಸುರಿಗೇ ಹೋಗಬೇಕು ಅಂತ ಒಂದು ಕಾಲದಲ್ಲಿ ನಿಯಮ ಇತ್ತು. 1981ರಲ್ಲಿ ಸುಪ್ರೀಂ ಕೋರ್ಟ್ ಬಸುರಿಯ ನಿಯಮವನ್ನು ಕಿತ್ತುಹಾಕಿತು. 35ರ ಮಿತಿಯನ್ನೂ ಮದುವೆಯ ನಿಯಮವನ್ನೂ ಆಗ ಮುಟ್ಟಲಿಲ್ಲ. ದುಡಿಯುವ ಹೆಣ್ಣಿನ ವಯಸ್ಸನ್ನು ಬೇರೆ ತಕ್ಕಡಿಯಲ್ಲಿ ತೂಗುವ ಅಭ್ಯಾಸ ಅಷ್ಟು ಹಳೆಯದು.

ಇದಕ್ಕೆ ಕಾನೂನು ಇಲ್ಲವೇ ಅಂತ ಕೇಳಬಹುದು. ಸಂವಿಧಾನದ 16ನೇ ವಿಧಿ ಸರ್ಕಾರಿ ಕೆಲಸದಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇಂಥವುಗಳ ಮೇಲೆ ಭೇದ ಮಾಡಬಾರದು ಅನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಖಾಸಗಿ ಕೆಲಸಕ್ಕೆ ಸೇರಿಸಿಕೊಳ್ಳುವಾಗ ವಯಸ್ಸು ನೋಡಬಾರದು ಅನ್ನುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಅಮೆರಿಕದಲ್ಲಿ 40 ದಾಟಿದವರ ರಕ್ಷಣೆಗೆ 1967ರಲ್ಲೇ ಕಾಯ್ದೆ ಬಂತು. ಹಾಗಾಗಿ ಹೊಸ ಕೆಲಸ ಹುಡುಕುವಾಗ ನಮ್ಮ ಹೆಂಗಸರ ಕೈಯಲ್ಲಿ ಕಾನೂನಿನ ಬಲ ಕಡಿಮೆ. ಆದರೆ ಇರುವ ಕೆಲಸ ಉಳಿಸಿಕೊಳ್ಳುವಾಗ ಹಾಗಲ್ಲ. ಅಲ್ಲಿ ಬಲ ಇದೆ. ಆ ಬಲವನ್ನೇ ಅಕ್ಕನ ಕೈಲಿದ್ದ ನಾಲ್ಕು ಸಾಲಿನ ಕಾಗದ ಕಿತ್ತುಕೊಳ್ಳುತ್ತಿತ್ತು.

ರಾಜೀನಾಮೆಯೇ ಯಾಕೆ ಬೇಕು?

ಕಂಪನಿಗೆ ಆರ್ಡರ್ ಕಡಿಮೆಯಾಗಿರೋದು ಸುಳ್ಳಲ್ಲದೆ ಇರಬಹುದು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲೆ ಶೇ 50ರಷ್ಟು ಸುಂಕ ಹಾಕಿದಾಗ ಸಿದ್ಧ ಉಡುಪು ರಫ್ತು ಮಾಡುವವರಿಗೆ ಪೆಟ್ಟು ಬಿದ್ದದ್ದು ಎಲ್ಲರಿಗೂ ಗೊತ್ತು. ಜನ ಜಾಸ್ತಿಯಾದರೆ ಕಂಪನಿ ಕೆಲವರನ್ನು ತೆಗೆಯಬಹುದು. ಆದರೆ ಅದಕ್ಕೊಂದು ರೀತಿ ಇದೆ.

1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದಲೂ ಇದ್ದ ಆ ರೀತಿಯನ್ನು, 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲೊಂದಾದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ. ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಇಲ್ಲವೇ ಅಷ್ಟು ಸಂಬಳ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸರಾಸರಿ ಸಂಬಳ ಪರಿಹಾರ ಕೊಡಬೇಕು. ಹೊಸ ಸಂಹಿತೆಯಲ್ಲಿ ಇನ್ನೊಂದು ಹದಿನೈದು ದಿನದ ಸಂಬಳವನ್ನು ಹೊಸ ಕೆಲಸ ಕಲಿಯುವ ನಿಧಿಯ ಲೆಕ್ಕದಲ್ಲಿ ಕಾರ್ಮಿಕರಿಗೆ ಸೇರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಒಂದೇ ಬಗೆಯ ಕೆಲಸ ಮಾಡುವವರಲ್ಲಿ ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ಹಳಬರನ್ನು ಮೊದಲು ತೆಗೆಯುವುದಾದರೆ ಕಾರಣ ಬರೆದಿಡಬೇಕು. ಮುಂದೆ ಮತ್ತೆ ಜನ ಬೇಕಾದಾಗ ತೆಗೆದವರಿಗೆ ಮೊದಲ ಅವಕಾಶ ಕೊಡಬೇಕು ಅನ್ನೋ ಮಾತೂ ಇದೆ.

ಗಮನಿಸಿದಿರಾ? ಕಾನೂನು ಇಲ್ಲಿ ವಯಸ್ಸಾದವರ ಕಡೆಗೇ ಇದೆ. ಅದಕ್ಕೇ ರಾಜೀನಾಮೆ ಪತ್ರ ಹುಟ್ಟಿಕೊಳ್ಳೋದು! ‘ನಾನೇ ಬಿಟ್ಟೆ’ ಅಂತ ನೀವು ಬರೆದುಕೊಟ್ಟರೆ ನೋಟಿಸು ಇಲ್ಲ, ಪರಿಹಾರ ಇಲ್ಲ, ಸರದಿ ಇಲ್ಲ, ಕಾರಣವನ್ನೂ ಹೇಳಬೇಕಾಗಿಲ್ಲ.

ಸಂಹಿತೆಗಳೆಲ್ಲ ಕಾರ್ಮಿಕರ ಪರ ಅಂತ ನಾನು ಹೇಳುತ್ತಿಲ್ಲ. ಮೊದಲು 100 ಜನ ಇರುವ ಕಾರ್ಖಾನೆ ಕೂಡ ಕೆಲಸಗಾರರನ್ನು ತೆಗೆಯಲು ಸರ್ಕಾರದ ಅನುಮತಿ ಕೇಳಬೇಕಿತ್ತು. ಈಗ ಆ ಸಂಖ್ಯೆ 300 ಆಗಿದೆ. ಅಂದರೆ ಸಣ್ಣ, ಮಧ್ಯಮ ಕಾರ್ಖಾನೆಗಳ ಹಾದಿ ಸಲೀಸಾಗಿದೆ. ಇನ್ನೊಂದು ಕಡೆ ನೇಮಕಾತಿ ಪತ್ರ ಎಲ್ಲರಿಗೂ ಕೊಡಲೇಬೇಕು ಅಂತಾಗಿದೆ. 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಅಂತ ಕೇಂದ್ರ ಸರ್ಕಾರ ಹೇಳಿದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡ ಹಾಗಿದೆ. ಕೊಟ್ಟದ್ದನ್ನಾದರೂ ನಾವು ಬಿಡದೆ ತೆಗೆದುಕೊಳ್ಳಬೇಕಲ್ಲ!

ಹತ್ತು ತಿಂಗಳ ಬೆಲೆ

ಅಕ್ಕನನ್ನು ಕೂರಿಸಿ, ಇಡ್ಲಿ ಕೊಟ್ಟು, ಒಂದು ಹಾಳೆ ತೆಗೆದುಕೊಂಡೆ. ನಾನು ಬಿ.ಎ. ಓದಿದ ಗೃಹಿಣಿ, ವಕೀಲೆಯಲ್ಲ. ಬೀದಿಯವರ ಅರ್ಜಿ ತುಂಬಿಕೊಟ್ಟು ತುಂಬಿಕೊಟ್ಟು ಒಂದಿಷ್ಟು ತಿಳಿದಿದೆ ಅಷ್ಟೆ. ಅಕ್ಕನ ಲೆಕ್ಕ ಹೀಗೆ ಬಂತು.

ಮೊದಲ ಫ್ಯಾಕ್ಟರಿಯಲ್ಲಿ 6 ವರ್ಷ. ಎರಡನೇ ಮಗು ಆದಾಗ ಬಿಟ್ಟರು, ಪಿಎಫ್ ಬಿಡಿಸಿ ಮನೆ ಭೋಗ್ಯಕ್ಕೆ ಹಾಕಿದರು. ಎರಡನೇ ಫ್ಯಾಕ್ಟರಿಯಲ್ಲಿ 4 ವರ್ಷ. ಯಜಮಾನರ ಆಪರೇಷನ್ ಅಂತ ಬಿಟ್ಟರು, ಮತ್ತೆ ಪಿಎಫ್ ಬಿಡಿಸಿದರು. ಈಗಿನ ಫ್ಯಾಕ್ಟರಿಯಲ್ಲಿ 9 ವರ್ಷ 2 ತಿಂಗಳು.

ದುಡಿದದ್ದು ಹತ್ತೊಂಬತ್ತು ವರ್ಷದ ಮೇಲೆ. ಪಿಂಚಣಿಯ ಲೆಕ್ಕಕ್ಕೆ ಉಳಿದದ್ದು ಒಂಬತ್ತು ಚಿಲ್ಲರೆ!

ಇದು ಹೇಗೆ ಅಂತ ಸ್ವಲ್ಪ ನೋಡೋಣ. ನಮ್ಮ ಸಂಬಳದಿಂದ ಶೇ 12 ಪಿಎಫ್‌ಗೆ ಹೋಗುತ್ತದೆ. ಕಂಪನಿಯೂ ಶೇ 12 ಹಾಕುತ್ತದೆ. ಕಂಪನಿಯ ಪಾಲಿನಲ್ಲಿ ಶೇ 8.33 ಪಿಂಚಣಿ ಖಾತೆಗೆ ಹೋಗುತ್ತದೆ, ಉಳಿದ ಶೇ 3.67 ಪಿಎಫ್‌ಗೆ. 1995ರಲ್ಲಿ ಶುರುವಾದ ಈ ಪಿಂಚಣಿ ಯೋಜನೆಯಲ್ಲಿ ಕನಿಷ್ಠ 10 ವರ್ಷದ ಸೇವೆ ಇದ್ದರೆ 58ಕ್ಕೆ ತಿಂಗಳ ಪಿಂಚಣಿ ಶುರುವಾಗುತ್ತದೆ. ಬೇಕೆಂದರೆ 50ರಿಂದಲೇ ತೆಗೆದುಕೊಳ್ಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಮೊದಲೋ ವರ್ಷಕ್ಕೆ ಶೇ 4ರಂತೆ ಕಡಿತವಾಗುತ್ತದೆ. ಸೇವೆ ಹತ್ತು ವರ್ಷಕ್ಕಿಂತ ಕಡಿಮೆಯಿದ್ದರೆ ಪಿಂಚಣಿ ಇಲ್ಲ, ಒಂದಿಷ್ಟು ಗಂಟು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. (ಲೆಕ್ಕದಲ್ಲಿ ಆರು ತಿಂಗಳು ಮತ್ತು ಅದಕ್ಕಿಂತ ಹೆಚ್ಚಾದದ್ದನ್ನು ಒಂದು ವರ್ಷ ಅಂತ ಹಿಡಿಯುತ್ತಾರೆ. ಆದರೂ ಪೂರ್ತಿ ಹತ್ತು ಮಾಡಿಕೊಂಡರೆ ಮುಂದೆ ತಕರಾರೇ ಇಲ್ಲ.)

ಪಿಂಚಣಿಯ ಲೆಕ್ಕ ಸುಲಭ. ಕೊನೆಯ 60 ತಿಂಗಳ ಸರಾಸರಿ ಮೂಲ ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. ಅಕ್ಕನ ಸಂಬಳ 12,000 ಅಂತ ಇಟ್ಟುಕೊಳ್ಳಿ. ಹತ್ತು ವರ್ಷ ತುಂಬಿಸಿದರೆ ತಿಂಗಳಿಗೆ ಸುಮಾರು 1,714 ರೂಪಾಯಿ. ಹಿಂದಿನ 6 ಮತ್ತು 4 ವರ್ಷವನ್ನು ಬಿಡಿಸದೆ ಇದ್ದಿದ್ದರೆ 20 ವರ್ಷ, 3,428 ರೂಪಾಯಿ. 20 ತುಂಬಿದವರಿಗೆ ಎರಡು ವರ್ಷ ಬೋನಸ್ ಸೇರಿಸುತ್ತಾರೆ, ಆಗ 3,771 ರೂಪಾಯಿ.

ನಾಳೆಯೇ ಸಹಿ ಹಾಕಿ ಪಿಂಚಣಿ ಖಾತೆಯ ದುಡ್ಡನ್ನೂ ಬಿಡಿಸಿದರೆ ಸಿಗುವ ಗಂಟು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಇನ್ನು ಹತ್ತು ತಿಂಗಳು ದುಡಿದರೆ 58ರಿಂದ ವರ್ಷಕ್ಕೆ ಇಪ್ಪತ್ತು ಸಾವಿರದ ಮೇಲೆ, ಬದುಕಿರುವವರೆಗೆ. ಅವರ ನಂತರ ಯಜಮಾನರಿಗೂ ಒಂದು ಪಾಲು.

‘ಲಕ್ಷ ರೂಪಾಯಿ ಈಗಲೇ ಬಂದರೆ ಒಳ್ಳೇದಲ್ವಾ?’ ಅಂತ ಅಕ್ಕ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ತಿರುಗಿ ಕೇಳಿದೆ: ‘ಹಿಂದೆ ಎರಡು ಸಲ ಬಿಡಿಸಿದ್ದು ಈಗ ಎಲ್ಲಿದೆ ಅಕ್ಕಾ?’ ಅವರು ಇಡ್ಲಿ ತಟ್ಟೆ ನೋಡುತ್ತಾ ಸುಮ್ಮನಾದರು. ಗಂಟು ದುಡ್ಡು ಮನೆಗೆ ಬಂದರೆ ಅದಕ್ಕೆ ನೂರು ಬಾಯಿ. ಮಗನ ಬೈಕು, ಚೀಟಿಯ ಬಾಕಿ, ಅಣ್ಣನ ಮಗಳ ಮದುವೆಯ ಮುಯ್ಯಿ. ತಿಂಗಳಿಗೆ ಸಾವಿರದೇಳುನೂರು ಅಂದರೆ ಯಾರೂ ಕೈಚಾಚಲ್ಲ. ಅದು ಅವಳ ಗುಳಿಗೆಗೆ, ಅವಳ ಹಾಲಿಗೆ ಉಳಿಯುತ್ತದೆ.

2016ರ ಏಪ್ರಿಲ್ ನೆನಪಿದೆಯಾ?

‘ದುಡ್ಡು ಬಿಡಿಸಬೇಡಿ’ ಅಂತ ಬುದ್ಧಿ ಹೇಳೋದು ಸುಲಭ. ಆದರೆ ಅಕ್ಕ ಒಂದು ಮಾತು ಹೇಳಿದರು. ‘ಆವತ್ತು ಇದೇ ದುಡ್ಡಿಗೆ ನಾವು ರಸ್ತೇಲಿ ಕೂತಿದ್ವಲ್ಲಮ್ಮ!’

ನಿಮಗೂ ನೆನಪಿರಬಹುದು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟರೂ ಪಿಎಫ್‌ನಲ್ಲಿ ಕಂಪನಿ ಹಾಕಿದ ಪಾಲನ್ನು 58 ತುಂಬುವ ತನಕ ತೆಗೆಯುವಂತಿಲ್ಲ ಅಂತ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಹೆಚ್ಚಿನವರು ಹೆಂಗಸರೇ. ಕಲ್ಲು ತೂರಾಟ, ಲಾಠಿ ಪ್ರಹಾರ, ಬಸ್ಸಿಗೆ ಬೆಂಕಿ ಎಲ್ಲ ಆಯಿತು. ಬಸ್ಸು ಸುಟ್ಟದ್ದನ್ನು ಯಾರೂ ಒಪ್ಪಲಾರರು. ಆದರೆ ಎರಡನೇ ದಿನವೇ ಕೇಂದ್ರ ಅಧಿಸೂಚನೆಯನ್ನು ವಾಪಸು ಪಡೆಯಿತು.

ಆಗ ಟಿವಿ ನೋಡುತ್ತಾ ಎಷ್ಟೋ ಜನ ‘ಪಾಪ, ಈ ಹೆಂಗಸರಿಗೆ ಉಳಿತಾಯ ಅಂದರೆ ಗೊತ್ತಿಲ್ಲ, ಅವರ ಒಳ್ಳೆಯದಕ್ಕೇ ತಾನೇ ಕಾನೂನು ಮಾಡಿದ್ದು’ ಅಂದರು. ನಿಜ ಹೇಳಬೇಕೆಂದರೆ ನಾನೂ ಅಂದಿದ್ದೆ. ಈಗ ಅನ್ನಿಸುತ್ತದೆ, ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. 58ರ ತನಕ ಫ್ಯಾಕ್ಟರಿ ತಮ್ಮನ್ನು ಇಟ್ಟುಕೊಳ್ಳುವುದಿಲ್ಲ ಅಂತ ಗೊತ್ತಿತ್ತು. ನಲವತ್ತೈದಕ್ಕೆ ಕೆಲಸ ಹೋದವಳು ಐವತ್ತೆಂಟರವರೆಗೆ ಏನು ತಿನ್ನಬೇಕು? ಕೆಲಸಕ್ಕೆ ಭದ್ರತೆ ಕೊಡದೆ ದುಡ್ಡಿಗೆ ಮಾತ್ರ ಬೀಗ ಹಾಕಿದರೆ ಅದು ಉಳಿತಾಯ ಅಲ್ಲ, ಶಿಕ್ಷೆ.

ಅದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಮತ್ತೆ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿ ಸಂಸ್ಥೆಯ ಟ್ರಸ್ಟಿಗಳ ಮಂಡಳಿ ಕೆಲವು ತೀರ್ಮಾನ ಮಾಡಿತು. ಕಾಯಿಲೆ, ಓದು, ಮದುವೆ, ಮನೆ ಅಂತ ಇದ್ದ ಹದಿಮೂರು ಬಗೆಯ ನಿಯಮಗಳನ್ನು ಒಟ್ಟುಗೂಡಿಸಿ ನಡುವೆ ದುಡ್ಡು ತೆಗೆಯೋದನ್ನು ಸುಲಭ ಮಾಡುವುದು, ಆದರೆ ಖಾತೆಯಲ್ಲಿ ಶೇ 25 ಉಳಿಸುವುದು. ಕೆಲಸ ಹೋದವರು ಪಿಎಫ್ ಪೂರ್ತಿ ಬಿಡಿಸಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು, ಪಿಂಚಣಿ ದುಡ್ಡು ಬಿಡಿಸಲು ಎರಡು ತಿಂಗಳ ಬದಲು ಮೂವತ್ತಾರು ತಿಂಗಳು ಕಾಯುವುದು.

ನನ್ನ ಅಭಿಪ್ರಾಯ ಕೇಳಿದರೆ, ಪಿಂಚಣಿ ದುಡ್ಡಿಗೆ ಕಾಯಿಸೋದು ತಪ್ಪಲ್ಲ. ಅಕ್ಕನಂಥವರ ಹತ್ತು ವರ್ಷ ಹೀಗಾದರೂ ಉಳಿಯುತ್ತಿತ್ತು. ಆದರೆ ಆ ಮೂವತ್ತಾರು ತಿಂಗಳಲ್ಲಿ ಅವಳಿಗೆ ಇನ್ನೊಂದು ಕೆಲಸ ಸಿಗುವಂತೆ ಮಾಡೋರು ಯಾರು? 18ರಿಂದ 35 ಅನ್ನುವ ಬೋರ್ಡ್ ಹಾಗೇ ಇದ್ದರೆ ಬೀಗ ಒಂದೇ ಸಾಲದು. ಇನ್ನೊಂದು ಮಾತು, ಈ ಯೋಜನೆಯ ಕನಿಷ್ಠ ಪಿಂಚಣಿ 1,000 ರೂಪಾಯಿ ಅಂತ ಗೊತ್ತುಮಾಡಿದ್ದು 2014ರಲ್ಲಿ. 7,500 ಮಾಡಿ ಅಂತ ಪಿಂಚಣಿದಾರರು ವರ್ಷಗಳಿಂದ ಕೇಳುತ್ತಿದ್ದಾರೆ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ ಮೊತ್ತ ತಿಂಗಳಿಗೆ 2,000. ಹತ್ತು ವರ್ಷ ಮಿಷನ್ ತುಳಿದವಳಿಗೆ ಗೊತ್ತುಮಾಡಿದ ಕನಿಷ್ಠ ಮೊತ್ತ ಅದರ ಅರ್ಧ! ಗೃಹಲಕ್ಷ್ಮಿ ಬೇಡ ಅಂತಲ್ಲ, ದುಡಿಮೆಯ ಪಿಂಚಣಿಗೆ ಇನ್ನಷ್ಟು ಬೆಲೆ ಬೇಕು ಅಂತ.

ಗ್ರಾಚ್ಯುಟಿ ಮರೆತೇಬಿಡ್ತೀವಲ್ಲ?

ಅಕ್ಕನಿಗೆ ಇನ್ನೊಂದು ಸಂಗತಿ ಗೊತ್ತೇ ಇರಲಿಲ್ಲ. ಗ್ರಾಚ್ಯುಟಿ ನಿವೃತ್ತಿಯಾದವರಿಗೆ ಮಾತ್ರ ಅಂದುಕೊಂಡಿದ್ದರು. ಹಾಗಲ್ಲ. ಒಂದೇ ಕಡೆ 5 ವರ್ಷ ಸತತವಾಗಿ ದುಡಿದಿದ್ದರೆ, ರಾಜೀನಾಮೆ ಕೊಟ್ಟು ಹೋದರೂ ಸಿಗಬೇಕು. ಲೆಕ್ಕ ಹೀಗೆ: ಕೊನೆಯ ತಿಂಗಳ ಮೂಲ ಸಂಬಳ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷದಿಂದ ಗುಣಿಸಬೇಕು. 12,000 ಸಂಬಳಕ್ಕೆ 9 ವರ್ಷಕ್ಕೆ ಸುಮಾರು 62,300 ರೂಪಾಯಿ. ಮೊದಲ ಫ್ಯಾಕ್ಟರಿಯ 6 ವರ್ಷಕ್ಕೂ ಬರಬೇಕಿತ್ತು. ಅಕ್ಕ ಕೇಳಲಿಲ್ಲ, ಅವರು ಕೊಡಲಿಲ್ಲ. ಎರಡನೆಯದರಲ್ಲಿ ಐದು ತುಂಬುವ ಮೊದಲೇ ಬಿಟ್ಟಿದ್ದರು, ಹಾಗಾಗಿ ಅದು ಕೈತಪ್ಪಿತು. ‘ಬೇರೇನೂ ಬರಬೇಕಾಗಿಲ್ಲ’ ಅನ್ನುವ ಆ ಒಂದು ಸಾಲು ಎಷ್ಟು ದುಬಾರಿ ನೋಡಿ!

ಖಾಸಗಿ ಶಾಲೆಯ ಟೀಚರುಗಳೇ, ನಿಮಗೂ ಗ್ರಾಚ್ಯುಟಿ ಉಂಟು. 2009ರ ತಿದ್ದುಪಡಿ ಶಿಕ್ಷಕರನ್ನು 1997ರಿಂದಲೇ ಅನ್ವಯವಾಗುವಂತೆ ಸೇರಿಸಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರು ಅಂತಲೂ ಅದೇ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಇಂತಿಷ್ಟು ಅವಧಿ ಅಂತ ಕರಾರಿನ ಮೇಲೆ ಸೇರಿದವರಿಗೆ ಒಂದು ವರ್ಷ ದುಡಿದರೂ ಗ್ರಾಚ್ಯುಟಿ ಇದೆ.

ಇಎಸ್‌ಐ ಕೂಡ ಮರೆಯಬೇಡಿ. ಐದು ವರ್ಷ ವಿಮೆಯಲ್ಲಿದ್ದು, ನಿವೃತ್ತಿ ವಯಸ್ಸು ತಲುಪಿ ಅಥವಾ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಹೊರಬಂದವರಿಗೆ ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆಯ ಸೌಲಭ್ಯ ಮುಂದುವರಿಯುತ್ತದೆ. ನಡುವೆ ರಾಜೀನಾಮೆ ಕೊಟ್ಟು ಹೋದವರಿಗೆ ಇದಿಲ್ಲ.

ಹಾಗಾದರೆ ನೀವೇನು ಮಾಡಬೇಕು?

* ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ‘ಮನೇಲಿ ಕೇಳಿ ಹೇಳ್ತೀನಿ’ ಅನ್ನಿ. ಖಾಲಿ ಕಾಗದಕ್ಕಂತೂ ಬೇಡವೇ ಬೇಡ.

* ಕೆಲಸ ಬಿಡುವ ಮುಂಚೆ ಎರಡು ಸಂಖ್ಯೆ ನೋಡಿ: ಗ್ರಾಚ್ಯುಟಿಗೆ 5, ಪಿಂಚಣಿಗೆ 10. ಅವಕ್ಕೆ ಕೆಲವೇ ತಿಂಗಳು ಬಾಕಿ ಇದ್ದರೆ ಹಲ್ಲು ಕಚ್ಚಿಕೊಂಡು ಪೂರೈಸಿ.

* ಕಷ್ಟಕ್ಕೆ ಪಿಎಫ್ ದುಡ್ಡು ತೆಗೆಯಲೇಬೇಕಾದರೆ ತೆಗೆಯಿರಿ, ಪಿಂಚಣಿ ಭಾಗವನ್ನು ಮುಟ್ಟಬೇಡಿ. ಫಾರ್ಮ್ 10ಸಿಯಲ್ಲಿ ದುಡ್ಡಿನ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಬಹುದು. ಮುಂದೆ ಬೇರೆ ಕಡೆ ಸೇರಿದಾಗ ಹಳೆಯ ವರ್ಷಗಳು ಅದರಿಂದ ಕೂಡಿಕೊಳ್ಳುತ್ತವೆ.

* ಹೊಸ ಕಡೆ ಸೇರುವಾಗ ಹಳೆಯ ಯುಎಎನ್ ನಂಬರನ್ನೇ ಕೊಡಿ. ‘ಹೊಸದು ಮಾಡಿಸೋಣ ಬಿಡಿ’ ಅಂದರೆ ಒಪ್ಪಬೇಡಿ.

* ಹೆಸರು, ಹುಟ್ಟಿದ ದಿನ ಎಲ್ಲ ಕಡೆ ಒಂದೇ ಇದೆಯಾ ನೋಡಿ. ಮದುವೆಗೆ ಮುಂಚೆ ಅಪ್ಪನ ಹೆಸರಿನ ಇನಿಷಿಯಲ್, ಆಮೇಲೆ ಗಂಡನ ಹೆಸರು. ಪಿಎಫ್ ಅರ್ಜಿ ಎಷ್ಟೋ ಸಲ ಇಲ್ಲೇ ನಿಲ್ಲೋದು. ಕೆಲಸ ಸಿಗಲಿ ಅಂತ ವಯಸ್ಸು ಕಡಿಮೆ ಬರೆಸಿದ್ದರೆ ಪಿಂಚಣಿಯೂ ಅಷ್ಟು ವರ್ಷ ತಡವಾಗುತ್ತದೆ! 2024ರ ಜನವರಿಯಲ್ಲಿ ಪಿಎಫ್ ಸಂಸ್ಥೆ ಹುಟ್ಟಿದ ದಿನದ ದಾಖಲೆಗಳ ಪಟ್ಟಿಯಿಂದ ಆಧಾರ್ ಕೈಬಿಟ್ಟಿತು. ಶಾಲೆಯ ಸರ್ಟಿಫಿಕೇಟ್, ಜನನ ಪತ್ರ ಜೋಪಾನ ಮಾಡಿ.

* 40 ದಾಟುವ ಮುಂಚೆ ಇನ್ನೊಂದು ಆಸರೆ ನೋಡಿಕೊಳ್ಳಿ. ಅಟಲ್ ಪಿಂಚಣಿ ಯೋಜನೆಗೂ, ಅಸಂಘಟಿತ ಕಾರ್ಮಿಕರ ಶ್ರಮಯೋಗಿ ಮಾನ್‌ಧನ್‌ಗೂ ಸೇರಲು ವಯಸ್ಸು 18ರಿಂದ 40 ಮಾತ್ರ. ನಲವತ್ತು ದಾಟಿದವರಿಗೆ ಎನ್‌ಪಿಎಸ್ ಬಾಗಿಲು ತೆರೆದಿದೆ.

* ಸರ್ಕಾರಿ ಕೆಲಸಕ್ಕೆ ಪ್ರಯತ್ನ ಮಾಡುವವರಲ್ಲಿ ಗಂಡನನ್ನು ಕಳೆದುಕೊಂಡವರಿದ್ದರೆ, ರಾಜ್ಯದ ನೇಮಕಾತಿ ನಿಯಮಗಳಲ್ಲಿ ವಿಧವೆಯರಿಗೆ 10 ವರ್ಷದ ವಯೋಮಿತಿ ಸಡಿಲಿಕೆ ಇದೆ. ‘ವಯಸ್ಸಾಯ್ತು’ ಅಂತ ನೀವೇ ಕೈಬಿಡಬೇಡಿ.

* ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಆ ಕಚೇರಿ ಇರುತ್ತದೆ.

ಅಕ್ಕ ಏನು ಮಾಡಿದರು?

ಆ ಕಾಗದಕ್ಕೆ ಸಹಿ ಹಾಕಲಿಲ್ಲ. ನಾವಿಬ್ಬರೂ ಕೂತು ಕನ್ನಡದಲ್ಲೇ ಇನ್ನೊಂದು ಬರೆದೆವು. ‘ನಾನು ಸ್ವಇಚ್ಛೆಯಿಂದ ಕೆಲಸ ಬಿಡುತ್ತಿಲ್ಲ. ಕೆಲಸ ಮಾಡಲು ಸಿದ್ಧಳಿದ್ದೇನೆ. ನನ್ನನ್ನು ತೆಗೆಯುವುದಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕಾಗಿ ವಿನಂತಿ.’ ಎರಡು ಪ್ರತಿ. ಒಂದನ್ನು ಆಫೀಸಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ ಅಂದೆ. ಸೀಲು ಹಾಕೋಕೆ ಒಂದು ಗಂಟೆ ಕಾಯಿಸಿದರಂತೆ. ಅವರ ಲೈನಿನಲ್ಲೇ ಇನ್ನೂ ಮೂವರಿಗೆ ಅಂಥದೇ ಕಾಗದ ಬಂದಿತ್ತು. ಅವರೂ ಜೊತೆಗೆ ನಿಂತರಂತೆ.

ಬರವಣಿಗೆಯಲ್ಲಿ ಉತ್ತರ ಇವತ್ತಿನವರೆಗೂ ಬಂದಿಲ್ಲ. ಒಂದು ವಾರದ ಮೇಲೆ ಅಕ್ಕನನ್ನು ಮಿಷನ್ನಿಂದ ಎಬ್ಬಿಸಿ ಚೆಕ್ಕಿಂಗ್‌ಗೆ ಹಾಕಿದರು. ಸಂಬಳ ಅಷ್ಟೇ ಇದೆ. ದಿನವಿಡೀ ನಿಂತು ಕಾಲು ಬಾತುಕೊಳ್ಳುತ್ತದೆ, ರಾತ್ರಿ ಬಿಸಿನೀರಲ್ಲಿ ಕಾಲು ಇಟ್ಟುಕೊಂಡು ಕೂರುತ್ತಾರೆ. ಇದು ಗೆಲುವೋ ಸೋಲೋ ನನಗೆ ಗೊತ್ತಿಲ್ಲ. ನಾಳೆ ಇನ್ನೊಂದು ನೆಪ ಬರಬಹುದು.

ಮೊನ್ನೆ ಅವರ ಮನೆಗೆ ಕುಂಕುಮಕ್ಕೆ ಹೋಗಿದ್ದೆ. ಅಡುಗೆ ಮನೆಯ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಪಕ್ಕ, ಸಂಬಳದ ದಿನಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿತ್ತು. ‘ಒಂದಾಯ್ತು. ಇನ್ನು ಒಂಬತ್ತು’ ಅಂದರು ಅಕ್ಕ.

ನಿಮ್ಮದು ಎಷ್ಟಾಗಿದೆ? ಸಂಜೆ ಒಲೆ ಹಚ್ಚೋ ಮುಂಚೆ ಒಂದು ಹಾಳೆ ತೆಗೆದುಕೊಂಡು ಕೂತು ಬರೆಯಿರಿ. ಯಾವ ಕಡೆ ಎಷ್ಟು ವರ್ಷ, ಎಲ್ಲಿ ಬಿಟ್ಟಿರಿ, ಏನು ಬಂತು, ಏನು ಬರಬೇಕು. ನಮ್ಮ ವಯಸ್ಸು ಎಷ್ಟು ಅಂತ ಬೇರೆಯವರು ಎಣಿಸುತ್ತಲೇ ಇರುತ್ತಾರೆ. ನಾವು ದುಡಿದ ವರ್ಷ ಎಷ್ಟು ಅನ್ನೋದನ್ನು ನಾವೇ ಎಣಿಸಿಕೊಳ್ಳಬೇಕು. ಏನಂತೀರಿ?